ಟ್ಯಾರೋ ಧಾಟಿಯ ಇಸ್ಪೀಟ್ ಕಟ್ಟು: ಮೂಲೆ ಮೊದಲು, ಚಿತ್ರ ಆಮೇಲೆ

ಕೈಯಾರೆ ಬಿಡಿಸಿದ ಇಸ್ಪೀಟ್ ಎಲೆಗಳನ್ನು ಮೇಜಿನ ಮೇಲೆ ಹರಡಿದರೆ ಎಲ್ಲರೂ ಆಹಾ ಅನ್ನುತ್ತಾರೆ. ಅದೇ ಎಲೆಗಳನ್ನು ಕಲಸಿ, ತಲಾ ಹದಿಮೂರು ಹಂಚಿ, ಆಡಿ ಅನ್ನಿ. ಎರಡನೇ ಸುತ್ತಿಗೇ ‘ಇದು ಏಳಾ, ಎಂಟಾ?’ ಶುರುವಾಗುತ್ತದೆ. ನನ್ನ ಮೊದಲ ಕಟ್ಟಿನ ಕಥೆಯೂ ಅದೇ. ಆಟೀನ್ ಏಳರಲ್ಲಿ, ಆಟೀನ್ ಗುರುತಿನ ಬದಲು ಟ್ಯಾರೋ ರೂಢಿಯಂತೆ ಏಳು ಬಟ್ಟಲು ಬಿಡಿಸಿ, ಪಕ್ಕದಲ್ಲೊಂದು ಕೊಳ ಇರಲಿ ಅಂತ ಸೇರಿಸಿದೆ. ಕೊಳದ ನೀರಿನಲ್ಲಿ ಒಂದು ಬಟ್ಟಲಿನ ನೆರಳು ಬಿತ್ತು. ಆಡುವವರ ಲೆಕ್ಕಕ್ಕೆ ಎಂಟಾಯಿತು. ಅಷ್ಟೊತ್ತಿಗೆ ಎಲ್ಲ ಅಚ್ಚಾಗಿತ್ತು.

ಆಮೇಲೆ ಬೇರೆಯವರು ತಂದು ತೋರಿಸಿದ ಕಟ್ಟುಗಳಲ್ಲೂ ಇದೇ ಜಾತಿಯ ತಪ್ಪುಗಳನ್ನು ನೋಡಿದೆ. ಚಿತ್ರ ಚೆಂದ, ಆಡಲು ಆಗಲ್ಲ. ಟ್ಯಾರೋ ಅಂದರೆ ಭವಿಷ್ಯ ಹೇಳುವ ಎಲೆ ಅಂತಷ್ಟೇ ತಿಳಿದವರು ಜಾಸ್ತಿ. ಆದರೆ ಅದು ಹುಟ್ಟಿದ್ದು ಆಟಕ್ಕೆ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ಮಾಮೂಲಿ ನಾಲ್ಕು ಜಾತಿಯ ಎಲೆಗಳ ಜೊತೆಗೆ ಚಿತ್ರವಿರುವ ತುರುಪಿನ ಎಲೆಗಳನ್ನು ಸೇರಿಸಿ ಆಡುತ್ತಿದ್ದರು. ಭವಿಷ್ಯ ಹೇಳುವ ಗೀಳು ಜೋರಾದದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಹಾಗಾಗಿ ಟ್ಯಾರೋ ಎಲೆಯನ್ನು ಆಡುವ ಎಲೆ ಮಾಡುವುದು ಅದಕ್ಕೇನೂ ಅವಮಾನ ಅಲ್ಲ.

ಪಟ್ಟಿ ಮಾಡಿ, ನಿರ್ದಯವಾಗಿ ಕತ್ತರಿಸಿ

ಟ್ಯಾರೋದಲ್ಲಿ 78 ಎಲೆ. ನಾಲ್ಕು ಜಾತಿಗೆ ತಲಾ 14, ಅಲ್ಲಿಗೆ 56. ಉಳಿದ 22 ಆ ತುರುಪಿನ ದೊಡ್ಡ ಚಿತ್ರಗಳು. ನಮಗೆ ಬೇಕಾದದ್ದು 52 ಮತ್ತು ಎರಡು ಜೋಕರ್. ಅಂದರೆ 24 ಎಲೆ ಹೊರಗೆ ಹೋಗಬೇಕು.

ಜಾತಿ ಹೊಂದಿಸುವುದು ಸುಲಭ. ಬಟ್ಟಲು ಆಟೀನ್, ನಾಣ್ಯ ಡೈಮಂಡ್, ಕೋಲು ಕಳಾವರ್, ಕತ್ತಿ ಇಸ್ಪೀಟ್. ಕೊನೆಯ ಎರಡು ಮರೆತುಹೋದರೆ ಇಂಗ್ಲಿಷ್ ಹೆಸರು ನೆನಪಿಸಿಕೊಳ್ಳಿ. ‘ಕ್ಲಬ್’ ಅಂದರೆ ದೊಣ್ಣೆ. ‘ಸ್ಪೇಡ್’ ಬಂದದ್ದು ಕತ್ತಿ ಎಂಬ ಅರ್ಥದ ಇಟಾಲಿಯನ್ ಮಾತಿನಿಂದ, ಸನಿಕೆಯಿಂದಲ್ಲ.

ಟ್ಯಾರೋದ ಪ್ರತಿ ಜಾತಿಯಲ್ಲೂ ರಾಜ, ರಾಣಿ, ಕುದುರೆ ಸವಾರ, ಸೇವಕ ಅಂತ ನಾಲ್ವರು. ನಮ್ಮಲ್ಲಿ ಮೂವರಿಗೇ ಜಾಗ. ಸವಾರನನ್ನು ಬಿಡಿ. ಗುಲಾಮ ಅನ್ನುವ ಹೆಸರಿಗೆ ಸೇವಕನೇ ಸರಿ. ‘ಕುದುರೆ ಎಷ್ಟು ಚೆನ್ನಾಗಿರುತ್ತೆ’ ಅನ್ನುವವರು, ಮೇಲೊಂದು, ಕೆಳಗೊಂದು ತಲೆಯಿರುವ ಇಸ್ಪೀಟ್ ಎಲೆಯಲ್ಲಿ ಆ ಕುದುರೆಯನ್ನು ಹೊಟ್ಟೆಯ ಹತ್ತಿರ ಕತ್ತರಿಸಬೇಕಾಗುತ್ತದೆ ಅನ್ನೋದು ನೆನಪಿಡಿ.

ಉಳಿದದ್ದು ಆ 22. ಎಲ್ಲವನ್ನೂ ಎಲ್ಲಾದರೂ ತುರುಕಬೇಕು ಅನ್ನುವ ಆಸೆ ಬರುತ್ತದೆ. ಬೇಡ. ಪೆದ್ದ ಮತ್ತು ಗಾರುಡಿಗ ಇಬ್ಬರನ್ನು ಜೋಕರ್ ಮಾಡಿ, ಉಳಿದವರನ್ನು ಬಿಟ್ಟುಬಿಡಿ. ತೀರಾ ಮನಸ್ಸು ಒಪ್ಪದಿದ್ದರೆ ನಾಲ್ಕು ಎಕ್ಕಗಳ ಹಿನ್ನೆಲೆಯಲ್ಲಿ ಸೂರ್ಯ, ಚಂದ್ರ, ನಕ್ಷತ್ರ, ಗೋಪುರ ಇಡಿ. ಅಂದಹಾಗೆ, ಜೋಕರ್ ಈ ಪೆದ್ದನ ವಂಶದವನು ಅಂತ ಹೇಳುವವರಿದ್ದಾರೆ. ಅಲ್ಲ. ಅವನು 1860ರ ದಶಕದ ಅಮೆರಿಕದಲ್ಲಿ ಯೂಕರ್ ಎಂಬ ಆಟಕ್ಕೆ ಅಂತ ಹುಟ್ಟಿದವನು. ಆದರೂ ವೇಷ ಒಪ್ಪುತ್ತದೆ.

ಅಳತೆ

ಟ್ಯಾರೋ ಎಲೆ ಸಾಮಾನ್ಯವಾಗಿ 70 × 120 ಮಿ.ಮೀ. ಅಷ್ಟು ದೊಡ್ಡದನ್ನು ಹದಿಮೂರು ಹಿಡಿದು ಆಡಲು ಆಗುವುದಿಲ್ಲ. 63 × 88 ಮಿ.ಮೀ. ಪೋಕರ್ ಅಳತೆ ತೆಗೆದುಕೊಳ್ಳಿ, ಮುಗೀತು.

ಮೂಲೆ

ಕೈಯಲ್ಲಿ ಬೀಸಣಿಗೆಯಂತೆ ಹಿಡಿದಾಗ ಕಾಣುವುದು ಎಲೆಯ ಎಡಬದಿಯ ಒಂದು ಬೆರಳಗಲ ಮಾತ್ರ. ನೀವು ತಿಂಗಳುಗಟ್ಟಲೆ ಕೂತು ಬಿಡಿಸಿದ ಚಿತ್ರ ಪಕ್ಕದ ಎಲೆಯ ಕೆಳಗೆ ಮುಚ್ಚಿಹೋಗಿರುತ್ತದೆ. ಆದ್ದರಿಂದ ಮೊದಲು ಮೂಲೆ. ಅಂಕಿ ಕನಿಷ್ಠ 7 ಮಿ.ಮೀ. ಎತ್ತರ ಇರಲಿ, ಅದರ ಕೆಳಗೆ ಜಾತಿಯ ಗುರುತು. ಅಂಚಿನಿಂದ 3 ಮಿ.ಮೀ. ಒಳಗಿರಲಿ. ಎದುರು ಮೂಲೆಯಲ್ಲಿ ತಲೆಕೆಳಗಾಗಿ ಮತ್ತೊಮ್ಮೆ.

ಬಟ್ಟಲು, ಕತ್ತಿ ಬಿಡಿಸಿದ್ದೇವಲ್ಲ ಅಂತ ಮೂಲೆಯಲ್ಲೂ ಅವನ್ನೇ ಇಡುವವರಿದ್ದಾರೆ. ಅಷ್ಟು ಚಿಕ್ಕದಾದಾಗ ಕತ್ತಿಯೂ ಕೋಲೂ ಒಂದೇ ಗೀಟು. ಮೂಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಆಟೀನ್, ಡೈಮಂಡ್, ಕಳಾವರ್, ಇಸ್ಪೀಟ್ ಗುರುತುಗಳೇ ಇರಲಿ, ಕೆಂಪು ಮತ್ತು ಕಪ್ಪಿನಲ್ಲೇ ಇರಲಿ. ನೇರಳೆ, ಕಂದು ಅಂತ ಹೋಗಬೇಡಿ. ಹಳೇ ಕಾಲದ ಸುರುಳಿ ಸುರುಳಿ ಅಕ್ಷರವೂ ಬೇಡ. ಅದರಲ್ಲಿ 1, 7 ಅಣ್ಣತಮ್ಮಂದಿರಂತೆ ಕಾಣುತ್ತವೆ. ಪೆಟ್ಟಿಗೆಯ ಮೇಲೆ ಹಾಕಿಕೊಳ್ಳಿ.

ಅಂಕಿಯ ಎಲೆಗಳು: ಎಲ್ಲರೂ ಎಡವುವ ಜಾಗ

ಎಕ್ಕ, ರಾಜ, ರಾಣಿ ಬಿಡಿಸಲು ಎಲ್ಲರಿಗೂ ಹುರುಪು. ಕಳಾವರ್ ನಾಲ್ಕಕ್ಕೆ ಬರುವಷ್ಟರಲ್ಲಿ ಉಸಿರು ನಿಲ್ಲುತ್ತದೆ. ಎರಡರಿಂದ ಹತ್ತರವರೆಗಿನ 36 ಎಲೆಗಳೇ ಈ ಕೆಲಸದ ಹೊಟ್ಟೆ.

ಹಳೆಯ ಟ್ಯಾರೋಗಳಲ್ಲಿ ಹೆಚ್ಚಿನವು ಇಲ್ಲಿ ಬರೀ ಗುರುತುಗಳನ್ನು ಜೋಡಿಸಿ ಸುಮ್ಮನಾಗುತ್ತಿದ್ದವು. 15ನೇ ಶತಮಾನದ ಕೊನೆಯ ಸೋಲಾ ಬುಸ್ಕಾ ಕಟ್ಟು ಅಂಕಿಯ ಎಲೆಗಳಲ್ಲೂ ಮನುಷ್ಯರನ್ನು ತಂದಿತು. 1909ರಲ್ಲಿ ಲಂಡನ್ನಿನಲ್ಲಿ ಆರ್ಥರ್ ಎಡ್ವರ್ಡ್ ವೇಟ್ ಹೊರತಂದ ಕಟ್ಟಿಗೆ ಪಮೇಲಾ ಕೋಲ್ಮನ್ ಸ್ಮಿತ್ ಬಿಡಿಸಿದ ಚಿತ್ರಗಳಿಂದ ಇದೇ ರೂಢಿಯಾಯಿತು. ಹೃದಯಕ್ಕೆ ನೆಟ್ಟ ಮೂರು ಕತ್ತಿ, ಚೆಲ್ಲಿದ ಮೂರು ಬಟ್ಟಲು ಮತ್ತು ನಿಂತಿರುವ ಎರಡರ ಮುಂದೆ ತಲೆ ಬಗ್ಗಿಸಿದವನು, ಹತ್ತು ಕೋಲು ಹೊತ್ತು ಹೋಗುವವನು ಎಲ್ಲ ಆಕೆಯ ಕೈಚಳಕ. ಸ್ಫೂರ್ತಿ ಪಡೆಯಿರಿ, ಗೆರೆ ಗೆರೆ ನಕಲು ಬೇಡ. ಸ್ಮಿತ್ ತೀರಿಕೊಂಡದ್ದು 1951ರಲ್ಲಿ. ಕಲಾವಿದರು ತೀರಿದ 70 ವರ್ಷದವರೆಗೆ ಹಕ್ಕು ಉಳಿಯುವ ದೇಶಗಳಲ್ಲಿ 2022ರಿಂದ ಆ ಮೂಲ ಚಿತ್ರಗಳು ಮುಕ್ತ. ಆದರೆ ಆಮೇಲೆ ಯಾರೋ ಬಣ್ಣ ತಿದ್ದಿ ಅಚ್ಚು ಹಾಕಿಸಿದ ಎಲೆಗಳಿಗೆ ಬೇರೆ ಹಕ್ಕು ಇರಬಹುದು.

ಆಡುವ ಎಲೆಯಲ್ಲಿ ಚಿತ್ರಕ್ಕೆ ಒಂದು ಹೆಚ್ಚುವರಿ ಹೊರೆ ಇದೆ. ಒಂದು ನೋಟಕ್ಕೆ ಲೆಕ್ಕ ಸಿಗಬೇಕು. ಕಣ್ಣು ಮೂರು ನಾಲ್ಕನ್ನು ಎಣಿಸದೆಯೇ ಹಿಡಿಯುತ್ತದೆ. ಅದರ ಮೇಲೆ ಎಣಿಸಲೇಬೇಕು. ಹಾಗಾಗಿ ನಾಲ್ಕರವರೆಗೆ ವಸ್ತುಗಳನ್ನು ಎಲ್ಲಿ ಬೇಕಾದರೂ ಚೆಲ್ಲಿ. ಐದರಿಂದ ಗುಂಪು ಕಟ್ಟಿ. ಐದು ಅಂದರೆ ಮೂರು-ಎರಡು, ಏಳು ಅಂದರೆ ನಾಲ್ಕು-ಮೂರು, ಎಂಟು ನಾಲ್ಕು-ನಾಲ್ಕು, ಒಂಬತ್ತು ಮೂರು ಮೂರರ ಮೂರು ಸಾಲು. ಗುಂಪುಗಳ ನಡುವೆ ಗಾಳಿಯಾಡುವಷ್ಟು ಜಾಗ ಬಿಡಿ. ಕಪಾಟಿನ ಎರಡು ಹಲಗೆ, ಬಾಗಿಲಿನ ಎರಡು ಬದಿ, ದಾರಿಯ ಆಚೆ ಈಚೆ, ಇಂಥದ್ದೇನಾದರೂ ಚಿತ್ರದಲ್ಲಿದ್ದರೆ ಗುಂಪು ತಾನಾಗಿ ಕೂರುತ್ತದೆ.

ಎಣಿಸಬೇಕಾದ ಯಾವ ವಸ್ತುವೂ ಇನ್ನೊಂದರ ಹಿಂದೆ ಅಡಗಬಾರದು. ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಬಾರದು. ಎಲ್ಲವೂ ಹೆಚ್ಚು ಕಡಿಮೆ ಒಂದೇ ಗಾತ್ರ ಇರಬೇಕು. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಅನ್ನೋ ನಿಯಮ ಇಲ್ಲಿ ಮುರಿಯಿರಿ.

ಇನ್ನೊಂದು, ಯಾರೂ ಗಮನಿಸದ ತಪ್ಪು: ಸೋಗಿನ ವಸ್ತು. ನಾಣ್ಯದ ಎಲೆಯಲ್ಲಿ ಹುಣ್ಣಿಮೆ ಚಂದ್ರ ಬಂದರೆ ಅದೂ ಒಂದು ನಾಣ್ಯ. ಗಾಡಿಯ ಚಕ್ರ, ಗುಂಡಿ, ತಟ್ಟೆ ಎಲ್ಲ ಅದೇ. ಕತ್ತಿಯ ಎಲೆಯಲ್ಲಿ ಕಿಟಕಿ ಸರಳು, ಕೋಲಿನ ಎಲೆಯಲ್ಲಿ ಮರದ ಕಾಂಡ, ಬಟ್ಟಲಿನ ಎಲೆಯಲ್ಲಿ ಗಂಟೆ. ನನ್ನ ಕೊಳ ಅಂತೂ ಗೊತ್ತೇ ಇದೆ. ಹತ್ತು ಕೋಲು ಅಡ್ಡಡ್ಡ ಹಾಯ್ದರೆ ಎಣಿಸುವುದು ದೇವರಿಗೇ ಪ್ರೀತಿ. ಕೋಲುಗಳು ಒಂದೇ ದಿಕ್ಕಿಗೆ ಇರಲಿ, ತುದಿಗೆ ಎರಡು ಚಿಗುರೆಲೆ ಬಿಡಿಸಿ. ಆಗ ಕಣ್ಣು ತುದಿ ಎಣಿಸುತ್ತದೆ.

ಪರೀಕ್ಷೆ ಹೀಗೆ. ಎಣಿಸಬೇಕಾದ ವಸ್ತುಗಳನ್ನು ಮಾತ್ರ ಕಪ್ಪಗೆ ತುಂಬಿ, ಉಳಿದದ್ದನ್ನು ಅಳಿಸಿ, ನಿಜ ಅಳತೆಯಲ್ಲಿ ಅಚ್ಚು ತೆಗೆದು ತೋಳಿನಳತೆ ದೂರ ಹಿಡಿಯಿರಿ. ಲೆಕ್ಕ ಸಿಗದಿದ್ದರೆ ಬಣ್ಣ ಹಾಕಿದ ಮೇಲೂ ಸಿಗುವುದಿಲ್ಲ. ಬಣ್ಣ ಸರಿಮಾಡುತ್ತೆ ಅಂದುಕೊಂಡು ಮುಂದೆ ಹೋಗಬೇಡಿ.

ಇದೆಲ್ಲ ತಲೆನೋವು ಅನ್ನಿಸಿದರೆ ಇನ್ನೊಂದು ದಾರಿ ಇದೆ. ಗುರುತುಗಳನ್ನು ಮಾಮೂಲಿ ಎಲೆಯಲ್ಲಿರುವ ಜಾಗದಲ್ಲೇ ಬಿಟ್ಟು, ಅವುಗಳ ಸುತ್ತ ಚಿತ್ರ ಹೆಣೆಯುವುದು. ಕೆಂಪು ಆಟೀನ್ ಒಬ್ಬಳ ಮುಖವಾಗುತ್ತದೆ, ಇಸ್ಪೀಟ್ ಗುರಾಣಿಯಾಗುತ್ತದೆ. 1805ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲೇ ಇಂಥ ಕಟ್ಟು ಅಚ್ಚಾಗಿತ್ತು. ಆಡಲು ಇದರಷ್ಟು ಸುಲಭ ಇಲ್ಲ, ಬಿಡಿಸಲು ಇದರಷ್ಟು ಕಷ್ಟ ಇಲ್ಲ.

ಕಂಪ್ಯೂಟರಿಗೆ ಹೇಳಿ ಎಐ ಚಿತ್ರ ಮಾಡಿಸಿದರೆ ಆಯ್ತಲ್ವಾ ಅಂತ ಕೇಳುವವರಿಗೆ: ಏಳು ಕತ್ತಿ ಕೇಳಿ ನೋಡಿ. ನನಗೆ ಆರು ಬಂತು, ಒಂಬತ್ತು ಬಂತು, ಒಮ್ಮೆ ಎರಡು ಹಿಡಿಯ ಕತ್ತಿ ಬಂತು. ತಿದ್ದುವ ಹೊತ್ತಿಗೆ ಹೊಸದೇ ಬಿಡಿಸಬಹುದಿತ್ತು.

ಬಿಡಿಸುವ ಕ್ರಮ: ಜಾತಿವಾರು ಹೋಗಬೇಡಿ. ತಿಂಗಳುಗಳು ಕಳೆದಂತೆ ಕೈ ಪಳಗುತ್ತದೆ, ಆಗ ಮೊದಲ ಜಾತಿ ಕೊನೆಯ ಜಾತಿಗೆ ಹೊಂದುವುದಿಲ್ಲ. ನಾಲ್ಕೂ ಜಾತಿಯ ಆರು, ಆಮೇಲೆ ನಾಲ್ಕೂ ಜಾತಿಯ ಎಂಟು, ಹೀಗೆ ಅಂಕಿವಾರು ಹೋಗಿ. ಎಕ್ಕಗಳು ಕೊನೆಗೆ.

ರಾಜ, ರಾಣಿ, ಗುಲಾಮ

ಎರಡು ತಲೆ ಇರಲಿ. ಒಂದೇ ತಲೆ ಇದ್ದಾಗ ಆಡುವವರು ರಾಜನನ್ನು ನೆಟ್ಟಗೆ ಮಾಡಲು ಎಲೆ ತಿರುಗಿಸುತ್ತಾರೆ, ಪಕ್ಕದವನಿಗೆ ಗುಟ್ಟು ಬಿಟ್ಟುಕೊಡುತ್ತಾರೆ. ಅರ್ಧ ಎಲೆ ಬಿಡಿಸಿ, ಅದನ್ನು ಪೂರಾ ತಿರುಗಿಸಿ ಕೆಳಗೆ ಅಂಟಿಸಿ. ಕನ್ನಡಿಯಂತೆ ಮಗುಚಬೇಡಿ, ತಿರುಗಿಸಿ. ಮಗುಚಿದರೆ ಕತ್ತಿ ಬಲಗೈಯಿಂದ ಎಡಗೈಗೆ ಹೋಗುತ್ತದೆ. ನಡುವಿನ ಬೆಸುಗೆ ನೇರ ಗೆರೆ ಆಗದೆ ಓರೆ ಪಟ್ಟಿಯಾದರೆ ಸೊಂಟಪಟ್ಟಿಯೊಳಗೇ ಮುಚ್ಚಿಹೋಗುತ್ತದೆ. ಹನ್ನೆರಡು ಮುಖಗಳಿಗೆ ಹನ್ನೆರಡು ಟೋಪಿ ಕೊಡಿ. ಮುಖದ ಗುರುತು ಸಿಗದಷ್ಟು ಚಿಕ್ಕದಾದಾಗಲೂ ಟೋಪಿ ಕಾಣುತ್ತದೆ.

ಹಿಂಬದಿ: ತಲೆಕೆಳಗು ಮಾಡಿದರೂ ಒಂದೇ ರೀತಿ ಕಾಣಬೇಕು. ಅಷ್ಟೆ.

ಅಚ್ಚಿಗೆ ಕೊಡುವಾಗ

ಕತ್ತರಿಸುವ ಯಂತ್ರ ಒಂದು ಮಿ.ಮೀ. ಅತ್ತಿತ್ತ ಸರಿಯುವುದು ಮಾಮೂಲು. ಅದಕ್ಕೇ ಸುತ್ತಲೂ 3 ಮಿ.ಮೀ. ಹೆಚ್ಚುವರಿ ಚಿತ್ರ ಬಿಡಬೇಕು. ಅಲ್ಲಿಗೆ ನಿಮ್ಮ ಕಡತ 69 × 94 ಮಿ.ಮೀ. ಆಗುತ್ತದೆ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 815 × 1110 ಪಿಕ್ಸೆಲ್. ಇದು ಕನಿಷ್ಠ. ಗೆರೆ ಚಿತ್ರವಾದರೆ 600ರಲ್ಲಿ ಮಾಡಿ. ಸುತ್ತ ತೆಳ್ಳಗಿನ ಬಿಳಿ ಚೌಕಟ್ಟು ಬೇಡವೇ ಬೇಡ. ಕತ್ತರಿ ಕೂದಲೆಳೆ ಸರಿದರೂ ಒಂದು ಕಡೆ ದಪ್ಪ, ಒಂದು ಕಡೆ ತೆಳು ಅಂತ ಎದ್ದು ಕಾಣುತ್ತದೆ. ಚೌಕಟ್ಟು ಬೇಕೇ ಬೇಕಿದ್ದರೆ 4 ಮಿ.ಮೀ. ಇರಲಿ.

ಪರದೆಯ ಮೇಲಿನ ಹೊಳೆಯುವ ನೀಲಿ, ನೇರಳೆ ಕಾಗದದ ಮೇಲೆ ಮಂಕಾಗುತ್ತವೆ. ಮೊದಲೇ ಸಿಎಂವೈಕೆಗೆ, ಅಂದರೆ ಅಚ್ಚಿನ ನಾಲ್ಕು ಶಾಯಿಯ ಬಣ್ಣಗಳಿಗೆ, ಬದಲಿಸಿ ನೋಡಿಕೊಳ್ಳಿ. ತೆಳು ಗೆರೆ, ಅಂಕಿ ಬರೀ ಕಪ್ಪು ಶಾಯಿಯಲ್ಲೇ ಇರಲಿ. ನಾಲ್ಕೂ ಶಾಯಿ ಸೇರಿಸಿದ ಕಪ್ಪಾದರೆ ಅಂಚು ಬಣ್ಣಬಣ್ಣವಾಗಿ ಕದಡುತ್ತದೆ.

ಕಾಗದದ ವಿಷಯಕ್ಕೆ ಬಂದರೆ, ದಪ್ಪ ಇದ್ದಷ್ಟೂ ಒಳ್ಳೆಯದು ಅಂದುಕೊಂಡು 400 ಜಿಎಸ್ಎಂ (ಚದರ ಮೀಟರಿಗೆ 400 ಗ್ರಾಂ ತೂಗುವ) ಆರ್ಟ್ ಕಾರ್ಡಿಗೆ ಮ್ಯಾಟ್ ಲ್ಯಾಮಿನೇಷನ್ ಹಾಕಿಸಿದವರ ಕಟ್ಟು ಕಲಸಿ ನೋಡಿದ್ದೇನೆ. ಶುಭಾಶಯ ಪತ್ರ ಕಲಸಿದ ಹಾಗೆ. ಇಸ್ಪೀಟಿಗೆ ಅಂತಲೇ ಬರುವ, ನಡುವೆ ಕಪ್ಪು ಪದರವಿರುವ 300–310 ಜಿಎಸ್ಎಂ ಕಾಗದ ಕೇಳಿ. ಮೇಲ್ಮೈ ನೇಯ್ಗೆಯಂತೆ ಸಣ್ಣಗೆ ತರಿ ತರಿಯಾಗಿರಲಿ, ಎಲೆ ಜಾರುತ್ತದೆ. ಎಲೆಯ ಮುಖಕ್ಕೆ ಚಿನ್ನದ ಹಾಳೆ ಒತ್ತಿಸುವ ಆಸೆ ಬಿಡಿ, ಕಲಸುವಾಗ ಉದುರುತ್ತದೆ. ಪೆಟ್ಟಿಗೆಯ ಮೇಲೆ ಎಷ್ಟು ಬೇಕಾದರೂ ಒತ್ತಿಸಿ. ಒಂದು ಎಲೆ ಸುಮಾರು 0.3 ಮಿ.ಮೀ. ಅಂದರೆ 54 ಸೇರಿ 16 ಮಿ.ಮೀ. ಹತ್ತಿರ. ಆದರೂ ಪೆಟ್ಟಿಗೆಯ ಅಳತೆಯನ್ನು ಅಚ್ಚು ಹಾಕುವವರಿಂದಲೇ ಪಡೆಯಿರಿ.

ಪೂರಾ ಅಚ್ಚಿಗೆ ಒಪ್ಪಿಗೆ ಕೊಡುವ ಮೊದಲು ಒಂದು ಸ್ಯಾಂಪಲ್ ಕಟ್ಟು ತರಿಸಿ. ಒಂದು ಸಂಜೆ ಕೂತು ಆಡಿ. ಆಮೇಲೆ ಜಾತಿವಾರು ಜೋಡಿಸಿ ಎಣಿಸಿ. ನನ್ನ ಎರಡನೇ ಕಟ್ಟಿನಲ್ಲಿ ಕಳಾವರ್ ಆರು ಎರಡಿದ್ದವು, ಒಂಬತ್ತು ಇರಲೇ ಇಲ್ಲ. ಆರರ ಕಡತ ನಕಲು ಮಾಡಿ, ಹೆಸರು ಮಾತ್ರ ಒಂಬತ್ತು ಅಂತ ಬದಲಿಸಿ, ಚಿತ್ರ ಹಾಕುವುದನ್ನೇ ಮರೆತಿದ್ದೆ. ಸ್ಯಾಂಪಲ್ ಬಂದಾಗ ನಾನೇ ಎಣಿಸಿ 54 ಸರಿ ಇದೆ ಅಂತ ಒಪ್ಪಿಗೆ ಕೊಟ್ಟಿದ್ದೆ. ಈಗ ಆ ಕೆಲಸವನ್ನು ಕಟ್ಟನ್ನು ಅಲ್ಲಿಯವರೆಗೆ ನೋಡಿಯೇ ಇರದವರಿಗೆ ಕೊಡುತ್ತೇನೆ.