ಸೊಪ್ಪು ಐಸ್ ಆಗ್ತಿತ್ತು, ತಪ್ಪು ಬೋರ್ಡಿನದ್ದಲ್ಲ

ಫ್ರಿಜ್ ತಣ್ಣಗಾಗದಿದ್ದರೆ ಗ್ಯಾಸ್ ಹೋಗಿದೆ ಅಂತಾರೆ. ವಿಪರೀತ ತಣ್ಣಗಾದರೆ ಬೋರ್ಡ್ ಹೋಗಿದೆ ಅಂತಾರೆ. ನಮ್ಮನೆಯದ್ದು ಎರಡನೇ ಕಾಯಿಲೆ. ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್, ವಾರಂಟಿ ಮುಗಿದು ಕಾಲವಾಗಿತ್ತು. ಕೆಳಗಿನ ಭಾಗದಲ್ಲಿ ಕೊತ್ತಂಬರಿ ಸೊಪ್ಪು ಮುಟ್ಟಿದರೆ ಮುರಿಯುತ್ತಿತ್ತು. ಆಚೆ ಇಟ್ಟರೆ ಕಪ್ಪಗೆ ಲೊಳೆಲೊಳೆ. ಮೊಸರಿನ ಮೇಲೆ ಐಸಿನ ಪದರ. ನೋಡಲು ಬಂದ ಮೆಕ್ಯಾನಿಕ್ ಹಿಂದಿನ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, "ಪಿಸಿಬಿ ಚೇಂಜ್ ಮಾಡ್ಬೇಕು ಸರ್" ಅಂದರು. ಪಿಸಿಬಿ ಅಂದರೆ ಅದೇ ಬೋರ್ಡು, ಫ್ರಿಜ್ ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟು. ಮೀಟರ್ ಹೊರಗೆ ತೆಗೆಯಲೇ ಇಲ್ಲ. ಬೋರ್ಡಿಗೆ ಹಲವು ಸಾವಿರ. ಒಳಗಿನ ತಂಪು ಅಳೆಯುವ ಸೆನ್ಸರ್ ಇನ್ನೂರು ಮುನ್ನೂರರ ಸಾಮಾನು. ಮೊದಲು ಅಗ್ಗದ್ದನ್ನು ಪರೀಕ್ಷೆ ಮಾಡೋಣ ಅಂತ ನಾನೇ ಕೂತೆ. ಎಲೆಕ್ಟ್ರಾನಿಕ್ಸ್ ರಿಪೇರಿ ನನಗೆ ಹಳೆಯ ಚಟ.

ಒಳಗೆ ನಡೆಯುವುದು ಸರಳ. ತಂಪು ಹುಟ್ಟುವುದು ಮೇಲೆ, ಫ್ರೀಜರ್ ಹಿಂದಿನ ಕಾಯಿಲ್‌ನಲ್ಲಿ. ಫ್ಯಾನು ಆ ಗಾಳಿಯನ್ನು ಕೆಳಗೂ ತಳ್ಳುತ್ತದೆ. ನಡುವೆ ಡ್ಯಾಂಪರ್ ಅಂತ ಒಂದು ಚಿಕ್ಕ ಬಾಗಿಲು, ಅದಕ್ಕೊಂದು ಪುಟ್ಟ ಮೋಟರ್. ಕೆಳಗಿನ ಸೆನ್ಸರ್ "ಬಿಸಿ ಇದೆ" ಅಂದರೆ ಬೋರ್ಡು ಡ್ಯಾಂಪರ್ ತೆರೆಸುತ್ತದೆ, "ಸಾಕು" ಅಂದರೆ ಮುಚ್ಚಿಸುತ್ತದೆ. ಈ ಸೆನ್ಸರ್ ಒಂದು ಥರ್ಮಿಸ್ಟರ್, ಎನ್‌ಟಿಸಿ ಜಾತಿಯದ್ದು. ತಂಪಾದಷ್ಟೂ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಏರುತ್ತದೆ. ಬೋರ್ಡಿಗೆ ಕಣ್ಣಿಲ್ಲ, ಈ ನಂಬರೇ ಅದರ ಪ್ರಪಂಚ. ಸೆನ್ಸರ್ ಸುಳ್ಳು ಹೇಳಿದರೆ ಬೋರ್ಡು ಆ ಸುಳ್ಳನ್ನೇ ಪ್ರಾಮಾಣಿಕವಾಗಿ ಪಾಲಿಸುತ್ತದೆ.

ಗುಂಡಿ ತಿರುಗಿಸುವ ಹಳೆಯ ಒಂದು ಬಾಗಿಲಿನ ಫ್ರಿಜ್‌ಗಳ ಕಥೆ ಬೇರೆ. ಅವುಗಳಲ್ಲಿ ಹೆಚ್ಚಾಗಿ ಇರುವುದು ಗ್ಯಾಸ್ ತುಂಬಿದ ಸಣ್ಣ ಕೊಳವೆಯ ಥರ್ಮೋಸ್ಟಾಟ್. ಈ ಬರಹ ಅವಕ್ಕಲ್ಲ.

ಡಿಸ್ಪ್ಲೇ ನೋಡಿ ಏನೂ ಗೊತ್ತಾಗುವುದಿಲ್ಲ. ನಮ್ಮದರಲ್ಲಿ ಅಲ್ಲಿ ಕಾಣುವುದು ನಾವು ಇಟ್ಟ ಅಂಕಿ, ಒಳಗೆ ನಿಜವಾಗಿ ಇರುವುದಲ್ಲ. ಒಂದು ಲೋಟ ನೀರಲ್ಲಿ ಥರ್ಮಾಮೀಟರ್ ಮುಳುಗಿಸಿ ಮಧ್ಯದ ಅರೆಯಲ್ಲಿ ರಾತ್ರಿಯಿಡೀ ಬಿಟ್ಟೆ. ಬರೀ ಗಾಳಿಯ ಅಳತೆ ಬಾಗಿಲು ತೆಗೆದ ಕೂಡಲೇ ಹಾರಿಹೋಗುತ್ತದೆ, ನೀರು ಹಾಗಲ್ಲ. 4 ಡಿಗ್ರಿ ಆಸುಪಾಸು ಇರಬೇಕಿತ್ತು. ಬೆಳಿಗ್ಗೆ ಲೋಟದ ಅಂಚಿಗೆ ಐಸ್ ಕಟ್ಟಿತ್ತು, ಮುಳ್ಳು ಸೊನ್ನೆಯಲ್ಲಿ. ಫ್ರೀಜರ್ ಮಾತ್ರ ಸರಿಯಾಗಿ ಮೈನಸ್ 18ರ ಹತ್ತಿರವೇ ಇತ್ತು. ಅಂದರೆ ಗ್ಯಾಸು, ಕಂಪ್ರೆಸರ್, ಫ್ಯಾನು ಮೂರೂ ಚೆನ್ನಾಗಿವೆ. ಉಳಿದದ್ದು ಸೆನ್ಸರ್, ಅದರ ವೈರು, ಬೋರ್ಡು, ಡ್ಯಾಂಪರ್.

ಈ ನಾಲ್ಕನ್ನು ಬೇರೆ ಮಾಡಲು ಒಂದೇ ಕತ್ತರಿ ಸಾಕು. ಪ್ಲಗ್ ತೆಗೆದು, ಬಾಗಿಲು ತೆರೆದಿಟ್ಟು, ಒಳಗಿನ ಪ್ಲಾಸ್ಟಿಕ್ ರೂಮಿನ ಬಿಸಿಗೆ ಬರುವವರೆಗೆ ಕಾದೆ. ತಣ್ಣಗಿರುವಾಗ ಎಬ್ಬಿದರೆ ಕೊಕ್ಕೆಗಳು ಲಟಕ್ ಅಂತ ಮುರಿಯುತ್ತವೆ. ಬದಿ ಗೋಡೆಯಲ್ಲಿ ಸೀಳು ಸೀಳಾದ ಸಣ್ಣ ಮುಚ್ಚಳ ಇತ್ತು. ಸ್ಕ್ರೂ ಡ್ರೈವರ್ ತುದಿಗೆ ಬಟ್ಟೆ ಸುತ್ತಿ ಮೆಲ್ಲಗೆ ಎಬ್ಬಿದೆ. ಹಿಂದೆ ಎರಡು ತೆಳು ವೈರಿನ ತುದಿಯಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಮೊಗ್ಗು. ಅದೇ ಸೆನ್ಸರ್. ವೈರುಗಳು ಗೋಡೆಯ ಫೋಮ್ ಒಳಗಿಂದ ನೇರ ಬೋರ್ಡಿಗೆ ಹೋಗುತ್ತವೆ, ನಡುವೆ ಕನೆಕ್ಟರ್ ಇಲ್ಲ. ಎರಡೂ ಕಡೆ ಮತ್ತೆ ಜೋಡಿಸುವಷ್ಟು ಉದ್ದ ಬಿಟ್ಟು ಕತ್ತರಿಸಿದೆ. ಈಗ ಸೆನ್ಸರ್ ನನ್ನ ಕೈಯಲ್ಲಿ, ಮಿಕ್ಕಿದ್ದೆಲ್ಲ ಗೋಡೆಯ ಆ ಕಡೆ.

ಮೊದಲು ಆ ಕಡೆಯದ್ದು. ರೆಸಿಸ್ಟೆನ್ಸ್ ಅಳೆಯುವುದು ಓಮ್ ಲೆಕ್ಕದಲ್ಲಿ. ನಮ್ಮ ಸೆನ್ಸರ್ 25 ಡಿಗ್ರಿಯಲ್ಲಿ 5 ಕಿಲೋ ಓಮ್‌ನದ್ದು. ಎಲ್ಲ ಕಂಪನಿಯದ್ದೂ ಹೀಗೇ ಇರುವುದಿಲ್ಲ, 2 ಕಿಲೋ ಓಮ್‌ನದ್ದೂ ಇದೆ, 10ರದ್ದೂ ಇದೆ. ನಿಮ್ಮ ಮಾಡೆಲ್ಲಿನ ಸರ್ವಿಸ್ ಟೇಬಲ್ (ಯಾವ ಡಿಗ್ರಿಗೆ ಎಷ್ಟು ಓಮ್ ಅನ್ನುವ ಪಟ್ಟಿ) ನೋಡಿಯೇ ಮುಂದುವರಿಯಿರಿ. ನಮ್ಮದಕ್ಕೆ 15 ಕಿಲೋ ಓಮ್ ಅಂದರೆ ಸುಮಾರು 2 ಡಿಗ್ರಿ. ಸಾಮಾನಿನ ಡಬ್ಬಿಯಲ್ಲಿ ಅಷ್ಟೇ ಓಮ್ ಇರುವ ರೆಸಿಸ್ಟರ್ (ಬದಲಾಗದ ರೆಸಿಸ್ಟೆನ್ಸಿನ ಪುಟ್ಟ ಬಿಡಿಭಾಗ) ಇತ್ತು, ಕಂದು, ಹಸಿರು, ಕಿತ್ತಳೆ ಪಟ್ಟಿಯದ್ದು. ಅದನ್ನು ಗೋಡೆ ಕಡೆಯ ವೈರಿಗೆ ಸುತ್ತಿ, ಟೇಪ್ ಹಾಕಿ, ಪ್ಲಗ್ ಹಾಕಿದೆ. ಸ್ವಲ್ಪ ಹೊತ್ತಿಗೆ ಮೇಲಿಂದ ಸಣ್ಣ ಗುಂಯ್ ಶಬ್ದ. ಗಾಳಿಕಿಂಡಿಗೆ ಕೈ ಹಿಡಿದರೆ ಗಾಳಿ ನಿಂತಿತ್ತು, ಅಂದರೆ ಡ್ಯಾಂಪರ್ ಮುಚ್ಚಿತ್ತು. ಮತ್ತೆ ಪ್ಲಗ್ ತೆಗೆದು 4.7 ಕಿಲೋ ಓಮ್ ಹಾಕಿದೆ. ಬೋರ್ಡಿನ ಲೆಕ್ಕದಲ್ಲಿ ಅದು 26 ಡಿಗ್ರಿ, ಬೇಸಿಗೆಯ ಮಧ್ಯಾಹ್ನ. ಡ್ಯಾಂಪರ್ ತೆರೆದುಕೊಂಡಿತು, ಗಾಳಿ ಬಂತು. ಬೋರ್ಡು, ವೈರು, ಡ್ಯಾಂಪರ್ ಮೂರೂ ಒಂದೇ ಏಟಿಗೆ ಪಾಸ್. ಎರಡು ರೆಸಿಸ್ಟರಿಗೆ ಸೇರಿ ಹತ್ತು ರೂಪಾಯಿಯೂ ಆಗುವುದಿಲ್ಲ. ಮೆಕ್ಯಾನಿಕ್ ಬ್ಯಾಗಿನಲ್ಲಿ ಇವು ಇರಬೇಕಿತ್ತು ಅನ್ನಿಸದೆ ಇರಲಿಲ್ಲ.

ಇನ್ನು ಕೈಯಲ್ಲಿದ್ದ ಮೊಗ್ಗು. ಹೆಚ್ಚಿನವರು ರೂಮಿನ ಬಿಸಿಯಲ್ಲಿ ಒಮ್ಮೆ ಅಳೆದು ಸರಿ ಇದೆ ಅಂದುಬಿಡುತ್ತಾರೆ. ಅಡುಗೆಮನೆ 28 ಡಿಗ್ರಿ ಇತ್ತು. ಮೀಟರ್ 3.85 ಕಿಲೋ ಓಮ್ ತೋರಿಸಿತು. ಟೇಬಲ್ ಪ್ರಕಾರ 4.4ರ ಹತ್ತಿರ ಇರಬೇಕು. 3.85 ಅಂದರೆ 31 ಡಿಗ್ರಿ. ಮೂರು ಡಿಗ್ರಿ ವ್ಯತ್ಯಾಸವನ್ನು ಯಾರು ಲೆಕ್ಕಕ್ಕೆ ತಗೋತಾರೆ, ಅಲ್ವಾ? ಕೈಯ ಬಿಸಿ ತಾಗಿರಬಹುದು, ಥರ್ಮಾಮೀಟರೇ ಆ ಕಡೆ ಈ ಕಡೆ ಇರಬಹುದು. ಸೆನ್ಸರ್ ಕೆಲಸ ಮಾಡುವುದು ತಂಪಿನಲ್ಲಿ. ಪರೀಕ್ಷೆಯೂ ಅಲ್ಲೇ ಆಗಬೇಕು.

ಅದಕ್ಕೆ ಐಸ್ ನೀರಿಗಿಂತ ಒಳ್ಳೆಯ ಅಳತೆಗೋಲು ಮನೆಯಲ್ಲಿ ಇಲ್ಲ. ಐಸು ಪುಡಿ ಮಾಡಿ ಸ್ಟೀಲ್ ಲೋಟದ ತುಂಬ ಹಾಕಿ, ಸಂದು ತುಂಬುವಷ್ಟು ಮಾತ್ರ ನೀರು ಬಿಟ್ಟು ಕಲಕಿದರೆ, ಐಸ್ ಉಳಿದಿರುವಷ್ಟು ಹೊತ್ತೂ ಅದು 0 ಡಿಗ್ರಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97ರ ಹತ್ತಿರವೇ ಕುದಿಯುತ್ತದೆ, ಹಾಗಾಗಿ ಕುದಿಯುವ ನೀರನ್ನು 100 ಅಂತ ನಂಬುವ ಹಾಗಿಲ್ಲ. ಐಸ್ ಕರಗುವ ಡಿಗ್ರಿಗೆ ಎತ್ತರದ ಹಂಗಿಲ್ಲ, ಮಂಗಳೂರಲ್ಲೂ ಮಡಿಕೇರಿಯಲ್ಲೂ ಒಂದೇ. ಉಪ್ಪು ಮಾತ್ರ ಹತ್ತಿರ ಸುಳಿಯಬಾರದು, ಸೊನ್ನೆಗಿಂತ ಕೆಳಗೆ ಇಳಿದುಬಿಡುತ್ತದೆ.

ಸೆನ್ಸರನ್ನು ತೆಳು ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಹಿಂಡಿ, ಬಾಯಿ ಕಟ್ಟಿ ಇಳಿಸಿದೆ. ಕವರ್ ಇಲ್ಲದೆ ಮುಳುಗಿಸಿದರೆ ಲೋಟದ ನೀರೇ ಸೆನ್ಸರಿನ ಎರಡು ವೈರುಗಳ ನಡುವೆ ಕರೆಂಟಿಗೆ ದಾರಿ ಕೊಡಬಹುದು. ಆಗ ತಪ್ಪು ಸೆನ್ಸರಿನದ್ದೋ ನೀರಿನದ್ದೋ ಗೊತ್ತಾಗುವುದಿಲ್ಲ. ವೈರಿಗೆ ಕ್ರಾಕಡೈಲ್ ಕ್ಲಿಪ್ ಹಾಕಿ ಕೈ ಬಿಟ್ಟೆ. ಅಂಕಿ 5, 7, 9 ಅಂತ ಏರಿತು. ಟೇಬಲ್ ಪ್ರಕಾರ 17ರ ಹತ್ತಿರ ಹೋಗಬೇಕಿತ್ತು. 11 ದಾಟಲಿಲ್ಲ. ಅಲ್ಲೂ ನಿಲ್ಲಲಿಲ್ಲ, ಹತ್ತೂವರೆಗೆ ಇಳಿದು, ಮತ್ತೆ 11ಕ್ಕೆ ಬಂದು ತೂಗಾಡುತ್ತಿತ್ತು. ಒಳ್ಳೆಯ ಥರ್ಮಿಸ್ಟರ್ ಐಸ್ ನೀರಲ್ಲಿ ಹಾಗೆ ಅಲುಗಾಡುವುದಿಲ್ಲ.

11 ಕಿಲೋ ಓಮ್ ಅಂದರೆ ಬೋರ್ಡಿನ ಭಾಷೆಯಲ್ಲಿ 8 ಡಿಗ್ರಿ. ಒಳಗೆ ನೀರು ಹೆಪ್ಪುಗಟ್ಟುತ್ತಿದೆ, ಸೆನ್ಸರ್ ಮಾತ್ರ "ಇನ್ನೂ 8 ಇದೆ, ಗಾಳಿ ಬಿಡು" ಅನ್ನುತ್ತಿದೆ. ಸೊಪ್ಪು ಐಸ್ ಆಗದೆ ಇನ್ನೇನು?

ಬಿಸಿಯಲ್ಲಿ ಮೂರು ಡಿಗ್ರಿ ತಪ್ಪು, ತಂಪಲ್ಲಿ ಎಂಟು. ಯಾಕೆ ಹೀಗೆ? ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಮೊಗ್ಗಿನ ಬುಡದಲ್ಲಿ ಕೂದಲೆಳೆಯ ಬಿರುಕು. ವೈರು ಒಳಹೋಗುವ ಕಡೆ ತಾಮ್ರಕ್ಕೆ ಹಸಿರು ಕಿಲುಬು. ವರ್ಷಗಟ್ಟಲೆ ತೇವ ಕೂತು, ಆರಿ, ಮತ್ತೆ ಕೂತು ಒಳಗೆ ಇಳಿದಿತ್ತು. ಆ ತೇವ ಥರ್ಮಿಸ್ಟರಿನ ಪಕ್ಕದಲ್ಲೇ ಒಂದು ಕಳ್ಳದಾರಿ ಮಾಡಿತ್ತು, ಲೆಕ್ಕ ಹಾಕಿದರೆ ಸುಮಾರು 32 ಕಿಲೋ ಓಮ್‌ನದ್ದು. ಬಿಸಿಯಲ್ಲಿ ಥರ್ಮಿಸ್ಟರಿನ ದಾರಿಯೇ ಸಲೀಸು, ಕಳ್ಳದಾರಿಯಲ್ಲಿ ಹೋಗುವ ಕರೆಂಟು ಅಷ್ಟಕ್ಕಷ್ಟೇ. ತಂಪಲ್ಲಿ ಮುಖ್ಯ ದಾರಿ ಬಿಗಿಯಾದಾಗ ಇದರ ಪಾಲು ಜಾಸ್ತಿ. ಕಿಲುಬು ಹಿಡಿದು ಒಳಗಿನ ಜೋಡಣೆಯೇ ಸಡಿಲವಾದರೆ ಉಲ್ಟಾ ಆಗುತ್ತದೆ. ರೆಸಿಸ್ಟೆನ್ಸ್ ಏರುತ್ತದೆ, ಬೋರ್ಡು ತಂಪಾಯಿತು ಅಂದುಕೊಳ್ಳುತ್ತದೆ, ಹಾಲು ಒಡೆಯುತ್ತದೆ. ಆಗಲೇ ಸುಮ್ನೆ ಗ್ಯಾಸ್ ತುಂಬಿಸಿ ದುಡ್ಡು ಕಳಕೊಳ್ಳುವವರು ಇರುವುದು.

ಹೊಸದನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡ್ ಕಡೆಯಿಂದ ತಂದೆ, ಮಾಡೆಲ್ ನಂಬರ್ ಹೇಳಿ, ಹಳೆಯದನ್ನೂ ತೋರಿಸಿ. ನೋಡಲು ಒಂದೇ ಥರ ಇರುವ ಮೊಗ್ಗುಗಳಲ್ಲಿ ಓಮ್ ಲೆಕ್ಕ ಬೇರೆ ಇರುತ್ತದೆ, ಹಾಗಾಗಿ ಹಾಕುವ ಮುಂಚೆ ಅದಕ್ಕೂ ಐಸ್ ನೀರಿನ ಪರೀಕ್ಷೆ. 16.7ಕ್ಕೆ ಹೋಗಿ ಕದಲದೆ ನಿಂತಿತು. ಇದಕ್ಕೆ ಪ್ಲಸ್ ಮೈನಸ್ ಇಲ್ಲ, ಯಾವ ವೈರಿಗೆ ಯಾವುದನ್ನಾದರೂ ಸೇರಿಸಬಹುದು. ಜೋಡಣೆಗೆ ಸೋಲ್ಡರ್ ಮಾಡಲಿಲ್ಲ, ಅದಕ್ಕೆ ಕಾದ ಕಡ್ಡಿ ಬೇಕು. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ಇರುವುದು ಆರ್600ಎ, ಅಂದರೆ ಐಸೋಬ್ಯೂಟೇನ್, ಬೆಂಕಿ ಹಿಡಿಯುವ ಗ್ಯಾಸು. ಟೆಲಿಫೋನ್ ಲೈನಿನವರು ಬಳಸುವ ಜೆಲ್ ತುಂಬಿದ ಕ್ರಿಂಪ್ ಕನೆಕ್ಟರ್ ಒತ್ತಿದೆ. ತೇವ ಒಳಗೆ ಹೋಗುವುದಿಲ್ಲ. ಬರೀ ತಿರುಚಿ ಟೇಪ್ ಸುತ್ತಿದರೆ ಅದೇ ಕಿಲುಬು ಮತ್ತೆ ಅಲ್ಲೇ ಬರುತ್ತದೆ.

ಮರುದಿನ ಬೆಳಿಗ್ಗೆ ಲೋಟದ ನೀರು 4 ಡಿಗ್ರಿ ತೋರಿಸಿತು. ಮೆಕ್ಯಾನಿಕ್ ಫೋನ್ ಮಾಡಿ ಬೋರ್ಡ್ ಆರ್ಡರ್ ಹಾಕಲಾ ಅಂತ ಕೇಳಿದರು. ಬೇಡ, ಸೆನ್ಸರ್ ಹೋಗಿತ್ತು ಅಂದೆ. "ಓ, ಅದೂ ಇರುತ್ತೆ ಸರ್" ಅಂದರು.

ಇಷ್ಟೆಲ್ಲ ಮಾಡಲು ಆಗಿದ್ದು ಸೆನ್ಸರ್ ಕೆಳಗಿನ ಅರೆಯಲ್ಲಿ ಕೈಗೆ ಸಿಗುವಂತೆ ಇದ್ದದ್ದಕ್ಕೆ. ಕಾಯಿಲ್ ಮೇಲೆ ಕೂರುವ ಡಿಫ್ರಾಸ್ಟ್ (ಐಸ್ ಕರಗಿಸುವ ಕೆಲಸದ) ಸೆನ್ಸರ್ ಆಗಿದ್ದರೆ ನಾನು ಕೈ ಹಾಕುತ್ತಿರಲಿಲ್ಲ. ಅದರ ಪಕ್ಕದಲ್ಲೇ 230 ವೋಲ್ಟಿನ ಹೀಟರ್ ಇದೆ, ಸ್ಕ್ರೂ ಡ್ರೈವರ್ ಜಾರಿದರೆ ಕಾಯಿಲ್ ತೂತಾಗುತ್ತದೆ. ಹಿಂದಿನ ಬೋರ್ಡನ್ನೂ, ಅದರಲ್ಲೂ ಇನ್ವರ್ಟರ್ ಫ್ರಿಜ್ಜಿನದ್ದನ್ನು, ಪ್ಲಗ್ ತೆಗೆದ ತಕ್ಷಣ ಮುಟ್ಟಬೇಡಿ. ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಕರೆಂಟ್ ಉಳಿದಿರುತ್ತದೆ.