ಸರ್ವರ್‌ಗೆ ಎರಡು ಗಂಟೆಯ ಪಾಸ್
ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ ಇರಲಿ, ಮಡಿಕೇರಿಯ ಸಹಕಾರ ಸಂಘವಿರಲಿ, ಸಾಫ್ಟ್‌ವೇರ್ ರಿಪೇರಿಯವರಿಗೆ ಕಾಯಂ ಅಡ್ಮಿನ್ ಪಾಸ್‌ವರ್ಡ್ ಕೊಡಬೇಡಿ. ಅವರು ಕೆಲಸ ಬಿಟ್ಟ ಮೇಲೂ ಅದು ನಡೆಯುತ್ತಲೇ ಇರುತ್ತದೆ.

ಬದಲಿಗೆ ಪ್ರತಿ ಸಲ ಅವರು ಕೋರಿಕೆ ಕಳಿಸಲಿ. ಅದಕ್ಕೆ ಮೂರೇ ಸಾಲು ಸಾಕು: ಯಾವ ಸರ್ವರ್, ಏನು ಕೆಲಸ, ಎಷ್ಟು ಹೊತ್ತು. ಮ್ಯಾನೇಜರ್ ಫೋನಿನಲ್ಲೇ ಒಪ್ಪಲಿ. ಎಸ್‌ಎಸ್‌ಎಚ್ ಸರ್ಟಿಫಿಕೇಟಿಗೆ (ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಿಡುವ ಡಿಜಿಟಲ್ ಪಾಸ್) 2 ಗಂಟೆಯ ಗಡುವು ಹಾಕಿ ಕೊಡಿ. ಇಲ್ಲೇ ಹಲವರು ಎಡವುವುದು: ಗಡುವು ಹೊಸ ಲಾಗಿನ್ ಮಾತ್ರ ತಡೆಯುತ್ತದೆ, ಆಗಲೇ ತೆರೆದ ಸೆಷನ್ ಮುಂದುವರಿಯುತ್ತದೆ. ಅದನ್ನು ಕಡಿಯಲು ಬೇರೆ ಟೈಮರ್ ಬೇಕು. ಬರೀ ವರದಿ ನೋಡುವ ಕೆಲಸಕ್ಕೆ ಒಪ್ಪಿಗೆ ತಾನಾಗಿ ಸಿಗಲಿ. ಕಾಯಿಸಿದರೆ ಜನ ಪಾಸ್‌ವರ್ಡ್ ಹಂಚಿಕೊಳ್ಳುತ್ತಾರೆ.

ಜುಲೈ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದರೆ? ಒಪ್ಪಿಗೆ ಕೊಡುವವರು ಇಬ್ಬರಿರಲಿ, ಒಬ್ಬರು ಜಿಲ್ಲೆಯ ಹೊರಗಿನವರು. ತುರ್ತು ಪಾಸ್‌ವರ್ಡನ್ನು ಮೊಹರು ಹಾಕಿದ ಕವರಿನಲ್ಲಿ ತಿಜೋರಿಯಲ್ಲಿಡಿ, ತೆರೆದ ದಿನವೇ ಬದಲಿಸಿ.