ಪೈಪ್‌ಲೈನ್ ಅಗೆಯುವಾಗ ಹಳೇ ಕಲ್ಲು ಸಿಕ್ಕರೆ

ಮುಳಬಾಗಿಲು ಕಡೆ ನೀರಿನ ಪೈಪ್ ಹಾಕಿಸುವುದು ನನ್ನ ಕೆಲಸ. ಈ ಊರಿರುವ ಕೋಲಾರ ಅಂದರೆ ಹಿಂದೆ ಗಂಗ ರಾಜರ ರಾಜಧಾನಿಯಾಗಿದ್ದ ಕುವಲಾಲ. ಅಗೆದಾಗ ಏನಾದರೂ ಸಿಗುವುದು ಸಹಜ ಅಲ್ವಾ?

ಜೆಸಿಬಿ ಬಕೆಟ್‌ಗೆ ಕೆತ್ತಿದ ಕಲ್ಲೋ ಮಡಕೆ ಚೂರೋ ತಗುಲಿದರೆ ಮೊದಲು ಗಾಡಿ ನಿಲ್ಲಿಸಿ. ಚೂರನ್ನು ಎತ್ತಬೇಡಿ, ಇದ್ದಲ್ಲೇ ನೋಡಿ. ಒಳಗೆ ಕಪ್ಪು, ಬಾಯಂಚು ಕಪ್ಪು, ಹೊರಗೆ ಕೆಂಪು ಇದ್ದರೆ ಕಬ್ಬಿಣ ಯುಗದ್ದಿರಬಹುದು. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಆ ಬಣ್ಣ ಬರುತ್ತದೆ. ಚೂರಿಗಿಂತ ಅದು ಕೂತ ಮಣ್ಣಿನ ಪದರವೇ ಮುಖ್ಯ. ಪಕ್ಕದಲ್ಲಿ ಅಳತೆ ಟೇಪ್ ಇಟ್ಟು ಫೋಟೋ ತೆಗೆಯಿರಿ, ಆಳ ಬರೆದುಕೊಳ್ಳಿ.

ವೀರಗಲ್ಲಾದರೆ ಉಜ್ಜಿ ತೊಳೆಯಬೇಡಿ. ಎಣ್ಣೆ, ಕುಂಕುಮ ಹಿಡಿದವರು ಬಂದೇ ಬರುತ್ತಾರೆ. 'ಸ್ವಲ್ಪ ತಡೀರಮ್ಮ' ಅನ್ನಿ. ಅಕ್ಷರ ಮಸುಕಾಗಿದ್ದರೆ ಬೆಳಗಿನ ಓರೆ ಬಿಸಿಲಲ್ಲಿ ಫೋಟೋ ತೆಗೆಯಿರಿ, ಗೆರೆಗಳಲ್ಲಿ ನೆರಳು ಕೂತು ಅಕ್ಷರ ಎದ್ದು ಕಾಣುತ್ತದೆ.

ನಾಣ್ಯ, ಒಡವೆ ಸಿಕ್ಕರೆ? ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ತಹಶೀಲ್ದಾರರಿಗೂ ರಾಜ್ಯ ಪುರಾತತ್ವ ಇಲಾಖೆಗೂ ಹೇಳಿ. ಅವರು ಬರುವವರೆಗೆ ಸುಮ್ನೆ ಕೂರಬೇಕಿಲ್ಲ. ಆ ಜಾಗಕ್ಕೆ ಹಗ್ಗ ಕಟ್ಟಿ, ಲೈನಿನ ಇನ್ನೊಂದು ತುದಿಯಿಂದ ಅಗೆಸಿ.